ಅಲ್ಪಾವಧಿಯ ಮಿಷನ್ ಪ್ರವಾಸದ ಕೊನೆಯ ದಿನ: ಬೀಳ್ಕೊಳ್ಳುವುದು ಹೇಗೆ?

ಹ್ಯೂಸ್ಟನ್‌ನ ನರ್ಸ್ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು. ನಾನು ಉಡುಪಿಯ ಕಡೆಯವಳು; ಈಗ ಹ್ಯೂಸ್ಟನ್‌ನಲ್ಲಿ ನರ್ಸ್ ಆಗಿದ್ದೇನೆ. ನಮ್ಮ ಸಭೆಯಿಂದ (ಚರ್ಚಿನಿಂದ) ಪ್ರತಿ ಬೇಸಿಗೆಯಲ್ಲಿ ಒಂದು ತಂಡವು ಗ್ವಾಟೆಮಾಲಾದ ಪಶ್ಚಿಮ ಬೆಟ್ಟಸೀಮೆಗೆ, ಕೆಟ್ಸಾಲ್ಟೆನಾಂಗೊ ನಗರದ ಆಚೆಗಿರುವ ಮಾಯಾ ಮೂಲನಿವಾಸಿಗಳಾದ ಕಿಚೆ ಜನರ ಒಂದು ಹಳ್ಳಿಗೆ, ವಾರದ ಮಟ್ಟಿಗೆ ಹೋಗಿಬರುತ್ತದೆ. ಬೆಳಿಗ್ಗೆ ವೈದ್ಯಕೀಯ ಶಿಬಿರ, ಮಧ್ಯಾಹ್ನ ಮಕ್ಕಳಿಗೆ ವಿ.ಬಿ.ಎಸ್. (ರಜಾಕಾಲದ ಬೈಬಲ್ ಶಾಲೆ) ಮಾದರಿಯ ತರಗತಿ, ಅದರ ಜೊತೆಗೆ ಮನೆಯೊಳಗೆ ಮೂರು ಕಲ್ಲಿನ ಒಲೆಯ ಹೊಗೆಯಲ್ಲೇ ಅಡುಗೆ ಮಾಡುವ ಕುಟುಂಬಗಳಿಗೆ ಹೊಗೆಕೊಳವೆಯುಳ್ಳ ಒಲೆ ಕಟ್ಟಿಕೊಡುವುದು ನಮ್ಮ ಕೆಲಸ.

ಈ ಸಲ ಕೊನೆಯ ದಿನದ ಕಾರ್ಯಕ್ರಮವನ್ನು ರೂಪಿಸುವ ಹೊಣೆಯನ್ನು ನಮ್ಮ ಸಭಾಪಾಲಕರು ನನಗೆ ವಹಿಸಿದ್ದಾರೆ. ಇದುವರೆಗಿನ ರೂಢಿಯೆಂದರೆ, ಶುಕ್ರವಾರ ರಾತ್ರಿ ಹಳ್ಳಿಯ ಸಭೆಯಲ್ಲಿ ವಿದಾಯದ ಆರಾಧನೆ, ಅಲ್ಲಿನ ಹೆಂಗಸರು ಕೋಳಿಸಾರು, ಜೋಳದ ಹಿಟ್ಟಿನ ತಮಾಲೆ ಬಡಿಸುತ್ತಾರೆ, ಮರಿಂಬಾ ನುಡಿಸುತ್ತಾರೆ, ತಂಡದ ಪ್ರತಿಯೊಬ್ಬರೂ ಎದ್ದು ನಿಂತು ಇಂಗ್ಲಿಷಿನಲ್ಲಿ ಮಾತನಾಡಿದ್ದು ಸ್ಪ್ಯಾನಿಷಿಗೂ ಅಲ್ಲಿಂದ ಕಿಚೆ ಭಾಷೆಗೂ ಹೋಗುತ್ತದೆ. ಆಮೇಲೆ ಅಪ್ಪುಗೆ, ಅಳು, ಫೋಟೊ. ಮರುದಿನ ನಸುಕಿನಲ್ಲಿ ಬಸ್ಸು ಹತ್ತಿ ಆಂಟಿಗುವಾ ಪಟ್ಟಣದಲ್ಲಿ ಒಂದು ದಿನ ಸುತ್ತಾಡಿ, ವಿಮಾನ ಹಿಡಿಯುವುದು.

ನನ್ನನ್ನು ಕಾಡುತ್ತಿರುವುದು ಆ ಶುಕ್ರವಾರ ರಾತ್ರಿ ಬಾಯಿಂದ ಬರುವ ಮಾತುಗಳು. "ಮುಂದಿನ ವರ್ಷ ಖಂಡಿತ ಬರುತ್ತೇವೆ", "ನೀನು ನನ್ನ ಮಗಳಿದ್ದ ಹಾಗೆ", "ನಿಮ್ಮನ್ನು ಎಂದೂ ಮರೆಯುವುದಿಲ್ಲ" ಎಂದು ಹೇಳಿದವರಲ್ಲಿ ಅನೇಕರು ಮತ್ತೆ ಹೋಗುವುದಿಲ್ಲ. ಹೇಳುವಾಗ ಅವರು ಸುಳ್ಳು ಹೇಳುತ್ತಿರುವುದಿಲ್ಲ. ಆದರೆ ಕೇಳಿಸಿಕೊಂಡವರು ಆ ಮಾತನ್ನು ಇಟ್ಟುಕೊಂಡೇ ಇರುತ್ತಾರೆ. ಪ್ರೀತಿಯನ್ನು ಒಣಗಿಸದೆ, ಸತ್ಯವನ್ನೂ ಬಿಡದೆ ಬೀಳ್ಕೊಳ್ಳುವುದು ಹೇಗೆ? ಇಂಥ ತಂಡಗಳಲ್ಲಿ ಹೋದವರು, ಅದಕ್ಕಿಂತ ಹೆಚ್ಚಾಗಿ ಇಂಥ ತಂಡಗಳನ್ನು ಬರಮಾಡಿಕೊಂಡವರು, ದಯವಿಟ್ಟು ತಿಳಿಸಬೇಕು.

ಮಂಗಳೂರಿನ ಸಭಾಪಾಲಕರು

ಸಹೋದರಿ, ನಿಮ್ಮ ಪ್ರಶ್ನೆಯನ್ನು ಓದಿದೊಡನೆ ಬೈಬಲಿನ ಅಪೊಸ್ತಲರ ಕೃತ್ಯಗಳ 20 ಮತ್ತು 21ನೆಯ ಅಧ್ಯಾಯಗಳು ನೆನಪಾದವು. ಅಲ್ಲಿ ಬೆನ್ನುಬೆನ್ನಿಗೆ ಎರಡು ವಿದಾಯಗಳಿವೆ. ಎಫೆಸ ಪಟ್ಟಣದಲ್ಲಿ ಅಪೊಸ್ತಲನಾದ ಪೌಲನು ಮೂರು ವರ್ಷ ದುಡಿದಿದ್ದನು. ಆ ಸಭೆಯ ಹಿರಿಯರನ್ನು ಮಿಲೇತಕ್ಕೆ ಕರೆಸಿಕೊಂಡು, ಇನ್ನು ಮುಂದೆ ನೀವು ನನ್ನ ಮುಖವನ್ನು ಕಾಣುವುದಿಲ್ಲವೆಂದು ಮುಚ್ಚುಮರೆಯಿಲ್ಲದೆ ಹೇಳಿದನು. ಅವರ ದುಃಖಕ್ಕೆ ಮುಖ್ಯ ಕಾರಣವೇ ಆ ಮಾತೆಂದು ಆ ಪುಸ್ತಕವನ್ನು ಬರೆದ ಲೂಕನು ಹೇಳುತ್ತಾನೆ. ಆ ದುಃಖವನ್ನು ತಗ್ಗಿಸಲು "ನೋಡೋಣ, ದೇವರ ಚಿತ್ತವಿದ್ದರೆ ಬಂದೇನು" ಎಂದು ಪೌಲನು ಮಾತನ್ನು ಸಡಿಲಗೊಳಿಸಲಿಲ್ಲ. ಅದರ ಬದಲು ಸಭೆಯನ್ನು ನೋಡಿಕೊಳ್ಳುವ ಕೆಲಸ ಇನ್ನು ನಿಮ್ಮದು ಎಂದು ಅವರಿಗೆ ಒಪ್ಪಿಸಿ, ಎಲ್ಲರೊಂದಿಗೆ ಮೊಣಕಾಲೂರಿ ಪ್ರಾರ್ಥಿಸಿ ಹೊರಟನು.

ಎರಡನೆಯದು ತೂರ್ ಪಟ್ಟಣದ್ದು, ನಿಮ್ಮ ಸಂದರ್ಭಕ್ಕೆ ಇನ್ನೂ ಹತ್ತಿರದ್ದು. ಹಡಗಿನ ಸರಕು ಇಳಿಸುವ ನಿಮಿತ್ತ ಅಲ್ಲಿ ನಿಂತ ಪೌಲನು ಶಿಷ್ಯರನ್ನು ಕಂಡು ಅವರೊಂದಿಗೆ ಇದ್ದದ್ದು ಏಳೇ ದಿನ. ಆದರೂ ಊರಿನವರು ಹೆಂಡತಿ ಮಕ್ಕಳ ಸಮೇತ ಊರಾಚೆಯವರೆಗೆ ನಡೆದು ಬಂದು, ಸಮುದ್ರತೀರದಲ್ಲಿ ಎಲ್ಲರೂ ಮೊಣಕಾಲೂರಿ ಪ್ರಾರ್ಥಿಸಿದ ಮೇಲೆ ಅವನು ಹಡಗು ಹತ್ತಿದನು, ಅವರು ಮನೆಗೆ ಹಿಂದಿರುಗಿದರು. ಏಳು ದಿನದ ಪರಿಚಯಕ್ಕೆ ಇಂಥ ಬೀಳ್ಕೊಡುಗೆ ಅತಿಯಾಯಿತೆಂದು ಶಾಸ್ತ್ರವು ಎಣಿಸುವುದಿಲ್ಲ. ಹಾಗಾಗಿ ನಿಮ್ಮ ತಂಡದವರ ಕಣ್ಣೀರನ್ನು ಕಂಡು ನೀವು ಸಂಕೋಚಪಡಬೇಕಾಗಿಲ್ಲ. ಆದರೆ ಗಮನಿಸಿ: ತೂರ್‌ನಲ್ಲಿ ವಿದಾಯವನ್ನು ನಡೆಸಿದವರು ಊರಿನವರು. ನಡೆದು ಬಂದವರು ಅವರು, ಕಳುಹಿಸಿಕೊಟ್ಟವರು ಅವರು. ನಮ್ಮ ಕಾಲದ ತಂಡಗಳು ವಿದಾಯದ ಕಾರ್ಯಕ್ರಮವನ್ನೂ ತಾವೇ ಸಿದ್ಧಪಡಿಸಿಕೊಂಡು ಹೋಗುತ್ತವೆ. ಹಾಡಿನ ಪಟ್ಟಿ, ಸಾಕ್ಷಿ ಹೇಳುವವರ ಪಟ್ಟಿ, ವೀಡಿಯೊ ಎಲ್ಲವೂ ಮೊದಲೇ ಸಿದ್ಧವಾಗಿರುತ್ತವೆ. ಅದನ್ನು ಆ ಊರಿನವರಿಗೆ ಬಿಟ್ಟುಕೊಡಿ ಎಂಬುದೇ ನನ್ನ ಮೊದಲ ಸಲಹೆ.

ನಮ್ಮ ಕರಾವಳಿಯ ಸಭೆಗಳಿಗೆ ವಿದಾಯವೇ ಇಲ್ಲದ ಅಗಲಿಕೆಯ ಅನುಭವವೂ ಇದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಸಂಸ್ಥೆಯು 1834ರಲ್ಲಿ ಮಂಗಳೂರಿಗೆ ಬಂತು; ಅದರ ಮಿಷನರಿಗಳಲ್ಲಿ ಹೆಚ್ಚಿನವರು ಜರ್ಮನ್ ಪ್ರಜೆಗಳು. 1914ರಲ್ಲಿ ಯುದ್ಧ ಆರಂಭವಾದ ಮೇಲೆ ಬ್ರಿಟಿಷ್ ಸರ್ಕಾರವು ಅವರನ್ನು ಶಿಬಿರಗಳಲ್ಲಿಟ್ಟು, ಮುಂದೆ ದೇಶದಿಂದಲೇ ಹೊರಗೆ ಕಳುಹಿಸಿತು. ಕನ್ನಡ, ತುಳು ಕಲಿತು ವರ್ಷಗಟ್ಟಲೆ ಇಲ್ಲಿ ಬಾಳಿದವರು ಅವರು. ಅವರು ಹೋದ ಮೇಲೆ ಸಭೆಗಳು ನಿಂತಲ್ಲೇ ಉಳಿದವು, ನಡೆದವು. ನಡೆಸಿದವರು ಇಲ್ಲಿನ ಉಪದೇಶಕರು, ಹಿರಿಯರು, ಶಾಲೆಗಳ ಉಪಾಧ್ಯಾಯರು. ಒಂದು ವಾರಕ್ಕೆ ಬಂದ ತಂಡವು "ನಾವು ಹೊರಟರೆ ಇವರ ಗತಿಯೇನು" ಎಂದು ಮರುಗುವಾಗ ಈ ಚರಿತ್ರೆಯನ್ನು ನೆನೆಯುವುದು ಒಳ್ಳೆಯದು.

ಧಾರವಾಡ ಕಡೆಯ ಶಿಕ್ಷಕಿ

ಬರಮಾಡಿಕೊಂಡವರು ಹೇಳಬೇಕೆಂದು ಅಕ್ಕನವರು ಕೇಳಿದ್ದಕ್ಕೆ ಬರೆಯುತ್ತಿದ್ದೇನೆ. ನಾನು ಉತ್ತರ ಕರ್ನಾಟಕದ ಒಂದು ಸಭೆಯ ಬೋರ್ಡಿಂಗ್‌ನಲ್ಲಿ ಬೆಳೆದವಳು. ಕ್ರಿಸ್ಮಸ್ ಮುಗಿದು ಚಳಿ ಇರುವಾಗಲೇ ವಿದೇಶದ ತಂಡಗಳು ಬರುತ್ತಿದ್ದವು. ಅವರಿಗಾಗಿ ನಾವು ಸ್ವಾಗತದ ಹಾಡನ್ನೂ ವಿದಾಯದ ಹಾಡನ್ನೂ ಒಟ್ಟಿಗೆ ಕಲಿಯುತ್ತಿದ್ದೆವು. ಸೇವಂತಿಗೆ ಹಾರ ಹಾಕುತ್ತಿದ್ದೆವು. ಅವರು ನಮ್ಮ ನೋಟ್‌ಬುಕ್ಕಿನಲ್ಲಿ ವಿಳಾಸ ಬರೆದುಕೊಡುತ್ತಿದ್ದರು. ನಾವು ಪತ್ರ ಬರೆದು, ವಾರ್ಡನ್ ಅವರ ಕೈಯಲ್ಲಿ ಕೊಟ್ಟು, ಉತ್ತರ ಬಂತೇ ಎಂದು ಪ್ರತಿ ಶನಿವಾರ ಕೇಳುತ್ತಿದ್ದೆವು. ಬಹುತೇಕ ಉತ್ತರ ಬರುತ್ತಿರಲಿಲ್ಲ. ಎರಡು ಮೂರು ವರ್ಷ ಹೀಗಾದ ಮೇಲೆ ದೊಡ್ಡ ಹುಡುಗಿಯರು ವಿಳಾಸ ಬರೆಸಿಕೊಳ್ಳುವುದನ್ನು ಬಿಟ್ಟುಬಿಟ್ಟರು. ಚಿಕ್ಕವರು ಮಾತ್ರ ಬರೆಸಿಕೊಳ್ಳುತ್ತಿದ್ದರು. ಬಂದವರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಅವರು ನಮ್ಮನ್ನು ನಿಜವಾಗಿ ಪ್ರೀತಿಸಿದರು. ಆದರೆ ಪ್ರೀತಿಸಿ ಹೋಗುವವರ ಸಾಲು ಮುಗಿಯುತ್ತಲೇ ಇರಲಿಲ್ಲ.

ಒಬ್ಬ ವಯಸ್ಸಾದ ಹೆಂಗಸು ಮಾತ್ರ ಬೇರೆ ರೀತಿಯಲ್ಲಿ ನಡೆದುಕೊಂಡರು. ಹೊರಡುವ ದಿನಕ್ಕೆ ಕಾಯದೆ, ನಡುವೆಯೇ ಒಂದು ಸಂಜೆ ನಮ್ಮನ್ನು ಕೂರಿಸಿಕೊಂಡು, ತಾವು ಶನಿವಾರ ಹೋಗುವುದಾಗಿ, ತಮ್ಮ ವಯಸ್ಸಿನಲ್ಲಿ ಮತ್ತೆ ಬರುವುದು ಸಾಧ್ಯವಾಗಲಾರದೆಂದು, ಪತ್ರ ಬರೆಯುವ ಅಭ್ಯಾಸ ತಮಗಿಲ್ಲವೆಂದು ನಮ್ಮ ಟೀಚರ್ ಮೂಲಕ ಹೇಳಿದರು. ಆಮೇಲೆ ಟೀಚರ್ ಕೈ ಹಿಡಿದು, ನಿಮ್ಮ ಲೆಕ್ಕದ ಪುಸ್ತಕ ನೋಡುವವರು ಇವರು, ಜ್ವರ ಬಂದರೆ ಎದ್ದು ಕೂರುವವರೂ ಇವರೇ ಎಂದರು. ನಮಗೆ ಅಳು ಬಂತು. ಆದರೆ ಆ ಅಳುವಿನ ಹಿಂದೆ ಕಾಯುವ ಕೆಲಸ ಉಳಿಯಲಿಲ್ಲ. ಈಗ ನಾನೇ ಶಿಕ್ಷಕಿಯಾಗಿರುವುದರಿಂದ ಅವರು ಮಾಡಿದ್ದರ ಬೆಲೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಮಕ್ಕಳಿಗೆ ಸತ್ಯವನ್ನು ತಡೆದುಕೊಳ್ಳುವ ಶಕ್ತಿ ಇದೆ, ದಯವಿಟ್ಟು ಅದನ್ನು ನಂಬಿರಿ.

ಇನ್ನೊಂದು ಮಾತು. ನಿಮ್ಮ ತಂಡವು ಆ ಹಳ್ಳಿಯಲ್ಲದೆ ಅನಾಥಾಲಯಕ್ಕೂ ಹೋಗುವುದಿದ್ದರೆ ಎರಡು ಸಲ ಯೋಚಿಸಿ. ಅನಾಥಾಲಯಗಳಲ್ಲಿನ ಸ್ವಯಂಸೇವಾ ಕಾರ್ಯಕ್ರಮಗಳಿಂದ, ಪ್ರವಾಸದ ಭಾಗವಾಗಿ ನಡೆಯುವಂಥವುಗಳಿಂದಲೂ, ಮಕ್ಕಳಿಗೆ ಆಗುವ ಹಾನಿಯನ್ನು ತಡೆಯಬೇಕೆಂದು ವಿಶ್ವಸಂಸ್ಥೆಯ ಮಹಾಸಭೆಯೇ 2019ರ ಡಿಸೆಂಬರ್‌ನಲ್ಲಿ ನಿರ್ಣಯ ಮಾಡಿದೆ. ಅಲ್ಲಿರುವ ಬಹಳಷ್ಟು ಮಕ್ಕಳಿಗೆ ತಂದೆ ಅಥವಾ ತಾಯಿ ಬದುಕಿರುತ್ತಾರೆ. ವಾರಕ್ಕೊಂದು ತಂಡ ಎತ್ತಿಕೊಂಡು, ವಾರಕ್ಕೊಂದು ತಂಡ ಇಳಿಸಿ ಹೋದರೆ ಪುಟ್ಟ ಮಕ್ಕಳ ಮನಸ್ಸು ಯಾರಿಗೆ ಅಂಟಿಕೊಳ್ಳಬೇಕು?

ಹ್ಯೂಸ್ಟನ್‌ನ ನರ್ಸ್

ಅಯ್ಯನವರಿಗೆ ಮತ್ತು ತಂಗಿಗೆ ತುಂಬು ಹೃದಯದ ವಂದನೆಗಳು. ನಾವು ಅನಾಥಾಲಯಕ್ಕೆ ಹೋಗುವುದಿಲ್ಲ. ತರಗತಿಗೆ ಬರುವ ಮಕ್ಕಳು ತಂದೆತಾಯಿಯೊಂದಿಗೆ ಇರುವವರು. ಆದರೂ "ನೀನು ನನ್ನ ಮಗಳಿದ್ದ ಹಾಗೆ, ನಿನ್ನನ್ನು ಕರೆದುಕೊಂಡೇ ಹೋಗುತ್ತೇನೆ" ಎಂಬ ಮಾತಿಗೆ ಗ್ವಾಟೆಮಾಲಾದಲ್ಲಿ ಬೇರೆಯದೇ ಭಾರವಿದೆ. ಅಂತರರಾಷ್ಟ್ರೀಯ ದತ್ತು ಪದ್ಧತಿಯು ಅಲ್ಲಿ ಉತ್ತುಂಗದಲ್ಲಿದ್ದಾಗ ವರ್ಷಕ್ಕೆ 4,000ಕ್ಕೂ ಹೆಚ್ಚು ಮಕ್ಕಳು ಅಮೆರಿಕಕ್ಕೆ ಬಂದರು; ತಾಯಂದಿರಿಗೆ ಹಣ ಕೊಟ್ಟು, ಮೋಸಮಾಡಿ ಮಕ್ಕಳನ್ನು ಪಡೆದ ಪ್ರಕರಣಗಳು ಹೊರಬಿದ್ದ ಬಳಿಕ, 2007ರ ಕೊನೆಯಲ್ಲಿ ಹೊಸ ದತ್ತು ಕಾಯಿದೆ ಬಂದು ಅದು ನಿಂತಿತು. ವಿದೇಶಿಯರು ಮಕ್ಕಳನ್ನು ಕದ್ದೊಯ್ಯುತ್ತಾರೆಂಬ ಭಯ ಬೆಟ್ಟಸೀಮೆಯಲ್ಲಿ ಅದಕ್ಕಿಂತ ಹಳೆಯದು. 2000ದಲ್ಲಿ ತೊದೊಸ್ ಸಾಂತೊಸ್ ಕುಚುಮಾತಾನ್ ಎಂಬ ಊರಿನಲ್ಲಿ ಇಂಥ ವದಂತಿಯಿಂದಲೇ ಒಬ್ಬ ಜಪಾನೀ ಪ್ರವಾಸಿಯನ್ನೂ ಪ್ರವಾಸಿ ಬಸ್ಸಿನ ಚಾಲಕನನ್ನೂ ಜನರು ಹೊಡೆದು ಕೊಂದರು. ಪ್ರೀತಿಯಿಂದ ಆಡಿದ ಮಾತು ಒಬ್ಬ ತಾಯಿಯ ಕಿವಿಗೆ ಹೇಗೆ ಕೇಳಿಸಬಹುದೆಂಬುದನ್ನು ನಮ್ಮ ತಂಡದ ಹದಿಹರೆಯದವರಿಗೆ ಹೊರಡುವ ಮೊದಲೇ ತಿಳಿಸಬೇಕೆಂದು ಈಗ ಅನಿಸುತ್ತಿದೆ.

ರೋಗಿಗಳ ವಿಷಯವನ್ನು ನಾನು ಕೇಳಲೇ ಇಲ್ಲ. ಶಿಬಿರದ ಕೊನೆಯ ದಿನವೂ ಒಂದು ವಿದಾಯವೇ ಅಲ್ಲವೇ? ವೈದ್ಯರು ಯಾರಾದರೂ ಇದ್ದರೆ ಬರೆಯಿರಿ.

ಮೈಸೂರಿನ ನಿವೃತ್ತ ವೈದ್ಯ

ಖಂಡಿತವಾಗಿ ಅದೂ ವಿದಾಯವೇ, ಮತ್ತು ಅಲ್ಲಿ ಸಿಹಿಮಾತಿಗಿಂತ ಕಾಗದ ಮುಖ್ಯ. ನಾನು ಮಲಾವಿಯ ಒಂದು ಮಿಷನ್ ಆಸ್ಪತ್ರೆಗೆ ಕಣ್ಣಿನ ಶಸ್ತ್ರಚಿಕಿತ್ಸಾ ತಂಡಗಳೊಂದಿಗೆ ಹೋಗುತ್ತಿದ್ದೆ. ಕಣ್ಣಿನ ಪೊರೆ ತೆಗೆದ ರೋಗಿಯನ್ನು ಮರುದಿನ ನೋಡಬೇಕು, ವಾರದ ಬಳಿಕ ನೋಡಬೇಕು, ತಿಂಗಳ ಹೊತ್ತಿಗೆ ಮತ್ತೊಮ್ಮೆ ನೋಡಬೇಕು. ಕಣ್ಣಿನ ಹನಿಯನ್ನು ಸುಮಾರು ನಾಲ್ಕು ವಾರ ಹಾಕಬೇಕು. ತಂಡವು ಶುಕ್ರವಾರ ಹೊರಡುವುದಾದರೆ ಗುರುವಾರ ಶಸ್ತ್ರಚಿಕಿತ್ಸೆಯಾದ ರೋಗಿಯ ಮುಂದಿನ ಭೇಟಿಯನ್ನು ಮಾಡುವವರು ಯಾರು? ಇದಕ್ಕೆ ಉತ್ತರವಿಲ್ಲದೆ ಗುರುವಾರದ ಪಟ್ಟಿಯನ್ನೇ ಹಾಕಬಾರದು.

ನಿಮ್ಮ ಶಿಬಿರದಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆಯವರೇ ಹೆಚ್ಚು ಬರುತ್ತಾರೆಂದು ಊಹಿಸುತ್ತೇನೆ. ಅವರಿಗೆ ತಿಂಗಳಿಗಾಗುವಷ್ಟು ಮಾತ್ರೆ ಕೊಟ್ಟು ಕೈಮುಗಿದು ಬಂದರೆ, ಮುಂದಿನ ತಿಂಗಳು ಮಾತ್ರೆ ಮುಗಿದ ದಿನ ಅವರು ಒಂಟಿಯಾಗುತ್ತಾರೆ. ಆದ್ದರಿಂದ ಮೊದಲನೆಯ ದಿನವೇ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಿ ಅಲ್ಲಿನ ನರ್ಸನ್ನು ಭೇಟಿಯಾಗಿ, ಅಲ್ಲಿ ಯಾವ ಮಾತ್ರೆ ಸಿಗುತ್ತದೆಯೋ ಅದನ್ನೇ ನೀವೂ ಆರಂಭಿಸಿ. ಪ್ರತಿ ರೋಗಿಯ ಕೈಯಲ್ಲಿ ಔಷಧದ ಮೂಲ ಹೆಸರು, ಪ್ರಮಾಣ, ಅಳೆದ ರಕ್ತದೊತ್ತಡ, ಕೊಟ್ಟ ದಿನಾಂಕವಿರುವ ಚೀಟಿ ಸ್ಪ್ಯಾನಿಷಿನಲ್ಲಿರಲಿ. ರೋಗಿಗಳ ಒಪ್ಪಿಗೆ ಪಡೆದು ಅದರ ಪ್ರತಿಯೊಂದನ್ನು ಆ ನರ್ಸಿಗೆ ಒಪ್ಪಿಸಿ. ಸಾಧ್ಯವಾದರೆ ಕೊನೆಯ ದಿನ ಆ ನರ್ಸೇ ಶಿಬಿರಕ್ಕೆ ಬಂದು ನಿಮ್ಮ ಪಕ್ಕದಲ್ಲಿ ಕೂತಿರಲಿ, ರೋಗಿಗಳು ಅವರ ಮುಖ ನೋಡಲಿ.

ಉಳಿದ ಔಷಧಗಳ ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ದಾನವಾಗಿ ಬಂದ ಔಷಧವು ಆ ದೇಶವನ್ನು ತಲುಪುವಾಗ ಅದರ ಅವಧಿ ಕನಿಷ್ಠ ಒಂದು ವರ್ಷ ಉಳಿದಿರಬೇಕು, ಮೇಲಿನ ಚೀಟಿ ಅಲ್ಲಿನ ಆರೋಗ್ಯ ಸಿಬ್ಬಂದಿಗೆ ತಿಳಿಯುವ ಭಾಷೆಯಲ್ಲಿರಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಅರ್ಧ ಖಾಲಿಯಾದ ಬಾಟಲಿಗಳನ್ನು ಸಭೆಯ ಬೀರುವಿನಲ್ಲಿ ತುಂಬಿಟ್ಟು ಬರುವುದು ಉಡುಗೊರೆಯಲ್ಲ. ಯಾರೋ ಒಬ್ಬ ಒಳ್ಳೆಯ ಮನುಷ್ಯ ಮುಂದೆ ಅದನ್ನು ಅಂದಾಜಿನಲ್ಲಿ ಹಂಚುತ್ತಾನೆ, ಅಪಾಯ ಅಲ್ಲಿದೆ.

ನ್ಯೂಜೆರ್ಸಿಯ ವಿದ್ಯಾರ್ಥಿ

ಹಿರಿಯರ ಮಾತುಗಳನ್ನು ಗೌರವದಿಂದ ಓದಿದೆ. ಆದರೂ ಒಂದು ಮಾತನ್ನು ಬೇರೆಯಾಗಿ ಹೇಳಬೇಕೆನಿಸುತ್ತದೆ. ಪ್ರೌಢಶಾಲೆಯಲ್ಲಿದ್ದಾಗ ನಾನೂ ಹೊಂಡುರಾಸ್‌ಗೆ ಇಂಥ ತಂಡದಲ್ಲಿ ಹೋಗಿದ್ದೆ. ಕೊನೆಯ ರಾತ್ರಿ ನಾನು ಅತ್ತಿದ್ದು ನಿಜ, ಬರುತ್ತೇನೆಂದು ಹೇಳಿದ್ದೂ ನಿಜ. ಆ ರಾತ್ರಿ ಇಲ್ಲದಿದ್ದರೆ ಇಂದು ನಾನು ಸಾರ್ವಜನಿಕ ಆರೋಗ್ಯವನ್ನು ಓದುತ್ತಿರಲಿಲ್ಲ. ಹದಿನಾರು ಹದಿನೇಳರ ವಯಸ್ಸಿನವರಿಗೆ ಹೊರಡುವ ಮೊದಲೇ "ಇದನ್ನು ಹೇಳಬೇಡಿ, ಅದನ್ನು ಮಾಡಬೇಡಿ" ಎಂದು ಪಟ್ಟಿ ಕೊಟ್ಟರೆ ಅವರು ಮುದುರಿಕೊಂಡು, ಯಾರನ್ನೂ ಹತ್ತಿರಕ್ಕೆ ಬಿಟ್ಟುಕೊಳ್ಳದೆ ಹಿಂದಿರುಗುತ್ತಾರೆ. ದೂರ ನಿಂತು ಸಭ್ಯವಾಗಿ ಕೈಬೀಸುವುದು ಆ ಊರಿನವರಿಗೂ ನೋವನ್ನೇ ಕೊಡುವುದಿಲ್ಲವೇ?

ಮಂಗಳೂರಿನ ಸಭಾಪಾಲಕರು

ತಮ್ಮಾ, ನಿನ್ನ ಮಾತಿನಲ್ಲಿ ಹುರುಳಿದೆ. ದೂರ ನಿಲ್ಲಬೇಕೆಂದು ನಾವು ಯಾರೂ ಹೇಳುತ್ತಿಲ್ಲ. ತೂರ್‌ನ ತೀರದಲ್ಲಿ ಯಾರೂ ದೂರ ನಿಂತಿರಲಿಲ್ಲ. ನೀನು ಹೊಂಡುರಾಸ್ ಎಂದದ್ದರಿಂದ ಒಂದು ಅಧ್ಯಯನವನ್ನು ಹೇಳುತ್ತೇನೆ. 1998ರ ಮಿಚ್ ಚಂಡಮಾರುತದ ಬಳಿಕ ಅಲ್ಲಿ ಮನೆ ಕಟ್ಟಲು ಹೋದ ಉತ್ತರ ಅಮೆರಿಕದ ತಂಡಗಳ ಕುರಿತು, ಆ ದೇಶದಲ್ಲೇ ವಾಸವಾಗಿದ್ದ ಕರ್ಟ್ ವೆರ್ ಬೀಕ್ ಎಂಬ ಸಮಾಜಶಾಸ್ತ್ರಜ್ಞರು ವಿಚಾರಣೆ ನಡೆಸಿ 2006ರಲ್ಲಿ ಪ್ರಕಟಿಸಿದರು. ಸ್ಥಳೀಯರೇ ಕಟ್ಟಿದರೆ ಒಂದು ಮನೆಗೆ ಸುಮಾರು 2,000 ಡಾಲರ್. ತಂಡವೊಂದು ಬಂದು ಕಟ್ಟಿ ಹೋಗಲು ಪ್ರಯಾಣವೂ ಸೇರಿ ಸುಮಾರು 30,000 ಡಾಲರ್. ವಿದೇಶಿಯರು ಕಟ್ಟಿದ ಮನೆಯಲ್ಲಿರುವ ಕುಟುಂಬಕ್ಕೂ ಸ್ಥಳೀಯರು ಕಟ್ಟಿದ ಮನೆಯಲ್ಲಿರುವ ಕುಟುಂಬಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಆ ವಿಚಾರಣೆಯಲ್ಲಿ ಕಾಣಲಿಲ್ಲ. ಹೋಗಿ ಬಂದವರು ತಮ್ಮ ದಾನ ಹೆಚ್ಚಿತೆಂದು ಹೇಳಿಕೊಂಡರೂ ದಾನದ ದಾಖಲೆಗಳು ಆ ಮಾತನ್ನು ಹೆಚ್ಚೇನೂ ಸಮರ್ಥಿಸಲಿಲ್ಲ.

ನಿನ್ನಲ್ಲಿ ಆ ರಾತ್ರಿ ಉಳಿಯಿತು, ಓದಿನಲ್ಲಿ ಮುಂದುವರಿಯಿತು. ಅದಕ್ಕಾಗಿ ದೇವರಿಗೆ ಸ್ತೋತ್ರ. ಆದರೆ ಬಹುಮಂದಿಯಲ್ಲಿ ಉಳಿಯುವುದಿಲ್ಲವಾದ್ದರಿಂದ, ಕೊನೆಯ ರಾತ್ರಿಯ ಮಾತನ್ನು ಸಣ್ಣದಾಗಿ, ನೆರವೇರಿಸಬಹುದಾದದ್ದಾಗಿ ಇಡೋಣ ಎನ್ನುತ್ತೇನೆ. "ಬರುತ್ತೇನೆ" ಎನ್ನುವ ಬದಲು "ಈ ತಿಂಗಳು ನಮ್ಮ ಯುವಕೂಟದಲ್ಲಿ ನಿಮ್ಮ ಊರಿಗಾಗಿ ಪ್ರಾರ್ಥಿಸುತ್ತೇವೆ" ಎಂದು ಹುಡುಗ ಹೇಳಲಿ, ಹೇಳಿದಂತೆ ಮಾಡಲಿ. ತಂಡದ ಪರವಾಗಿ ಮಾತು ಕೊಡುವ ಅಧಿಕಾರ ಒಬ್ಬರಿಗೆ ಮಾತ್ರ ಇರಲಿ, ಅದೂ ಸಭೆಯ ಸಮಿತಿಯಲ್ಲಿ ತೀರ್ಮಾನವಾದದ್ದಕ್ಕೆ ಮಾತ್ರ.

ಕೆನ್ಯಾದಲ್ಲಿರುವ ಸಿಸ್ಟರ್

ನಾನು ಕೊಡಗಿನವಳು, ಕೆನ್ಯಾದ ಪಶ್ಚಿಮ ಭಾಗದಲ್ಲಿ ಸೇವೆಯಲ್ಲಿದ್ದೇನೆ. ನಮ್ಮ ಧರ್ಮಕೇಂದ್ರಕ್ಕೂ ಯುರೋಪಿನ ತಂಡಗಳು ಬರುತ್ತವೆ. ಇಲ್ಲಿಯವರೆಗೆ ಹೋಗುವವರು ಏನು ಹೇಳಬೇಕೆಂಬ ಬಗ್ಗೆಯೇ ಹೆಚ್ಚು ಮಾತು ನಡೆದಿದೆ. ಅವರು ಹೇಗೆ ಸ್ವೀಕರಿಸಬೇಕೆಂಬುದನ್ನು ನಾನು ಸೇರಿಸುತ್ತೇನೆ.

ಇಲ್ಲಿ ಅತಿಥಿಯನ್ನು ಬಾಗಿಲಲ್ಲೇ ಬಿಟ್ಟುಕೊಡುವ ಪದ್ಧತಿಯಿಲ್ಲ. ಸ್ವಲ್ಪ ದೂರ ಜೊತೆಗೆ ನಡೆದು ರಸ್ತೆಯವರೆಗೆ ಕಳುಹಿಸಿ ಬರುತ್ತಾರೆ, ನಮ್ಮ ಊರುಗಳಲ್ಲಿ ಬಸ್ ನಿಲ್ದಾಣದವರೆಗೆ ಬರುವಂತೆಯೇ. ಅದಕ್ಕೂ ಮೊದಲು ಊಟ, ಊಟದ ಮೇಲೆ ಭಾಷಣಗಳು. ಹಿರಿಯರು, ಮಹಿಳಾ ಸಂಘದವರು, ಯುವಕರು, ಶಾಲೆಯ ಮುಖ್ಯೋಪಾಧ್ಯಾಯರು ಎಲ್ಲರೂ ಮಾತನಾಡುತ್ತಾರೆ. ಹೆಂಗಸರು ಹಾಡುತ್ತಾ ಬಂದು ಅತಿಥಿಗಳ ಸೊಂಟಕ್ಕೆ ಲೆಸೊ ಬಟ್ಟೆಯನ್ನು ಕಟ್ಟುತ್ತಾರೆ. ಕೆಲವೊಮ್ಮೆ ಕಾಲು ಕಟ್ಟಿದ ಜೀವಂತ ಕೋಳಿಯನ್ನೇ ಕೈಗಿಡುತ್ತಾರೆ. ಆ ಹೊತ್ತಿನಲ್ಲಿ ತಂಡದವರು ಗಡಿಯಾರ ನೋಡುತ್ತಾರೆ, ಇನ್ನು ಕೆಲವರು "ಅಯ್ಯೋ ಬಡವರಿಂದ ಹೇಗೆ ತೆಗೆದುಕೊಳ್ಳುವುದು" ಎಂದು ಕೋಳಿಯನ್ನು ಹಿಂದಿರುಗಿಸಲು ನೋಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ವಾರವೆಲ್ಲ ಕೊಡುವ ಕೈ ನಿಮ್ಮದಾಗಿತ್ತು. ಆ ಒಂದು ಸಂಜೆ ಅವರು ಕೊಡುವವರಾಗಿ ನಿಲ್ಲುತ್ತಾರೆ. ಎರಡೂ ಕೈಗಳಿಂದ ತೆಗೆದುಕೊಳ್ಳಿ, ವಿಮಾನದಲ್ಲಿ ಒಯ್ಯಲಾಗದಿದ್ದರೆ ಆಮೇಲೆ ಪಾದ್ರಿಯವರ ಮನೆಗೆ ತಲುಪಿಸಿ.

ಕಾರ್ಯಕ್ರಮದ ಬೆನ್ನಿಗೇ ನಸುಕಿನ ಪ್ರಯಾಣವನ್ನು ಇಡುವುದೂ ಸರಿಯಲ್ಲ. ಸಾಧ್ಯವಾದರೆ ಆಂಟಿಗುವಾದ ಆ ಸುತ್ತಾಟವನ್ನು ಅರ್ಧ ದಿನ ಕಡಿಮೆ ಮಾಡಿ, ಊರಿನವರೊಂದಿಗೆ ಬೆಳಗಿನ ಕಾಫಿ ಕುಡಿದು ಹೊರಡಿ.

ಹ್ಯೂಸ್ಟನ್‌ನ ನರ್ಸ್

ಸಿಸ್ಟರ್, ಡಾಕ್ಟರ್ ಸಾಹೇಬರೇ, ಎಲ್ಲರಿಗೂ ಕೃತಜ್ಞತೆಗಳು. ಅಯ್ಯನವರ ಮೊದಲ ಸಲಹೆಯಂತೆ ಆ ಹಳ್ಳಿಯ ಸಭಾಪಾಲಕರಿಗೆ ಪತ್ರ ಬರೆದು, ಕೊನೆಯ ದಿನ ಹೇಗಿರಬೇಕೆಂದು ನೀವೇ ಹೇಳಿ ಎಂದು ಕೇಳಿದ್ದೆ. ಅವರ ಉತ್ತರ ಬಂದಿದೆ. ಕೊನೆಯ ರಾತ್ರಿ ಬಟ್ಟೆ, ಆಟಿಕೆ, ಮಿಠಾಯಿ ಹಂಚುವುದು ಬೇಡವೆಂದು ಅವರು ನೇರವಾಗಿ ಕೇಳಿಕೊಂಡಿದ್ದಾರೆ. ಸಿಕ್ಕವರಿಗೂ ಸಿಗದವರಿಗೂ ನಡುವೆ ಹುಟ್ಟುವ ಮನಸ್ತಾಪವನ್ನು ತಂಡ ಹೋದ ಮೇಲೆ ತಿಂಗಳುಗಟ್ಟಲೆ ಅವರೇ ಬಗೆಹರಿಸಬೇಕಾಗುತ್ತದೆಯಂತೆ. ಏನಾದರೂ ಕೊಡುವುದಿದ್ದರೆ ಸಭೆಯ ಮಹಿಳಾ ಕೂಟಕ್ಕೆ ವಾರದ ಆರಂಭದಲ್ಲೇ ಒಪ್ಪಿಸಬೇಕು. ಒಲೆ ಕಟ್ಟಿಸಿಕೊಂಡ ಮನೆಗಳ ಪಟ್ಟಿ ಬೇಕು, ಹೊಗೆಕೊಳವೆಯನ್ನು ಶುಚಿಗೊಳಿಸುವುದನ್ನು ಊರಿನ ಇಬ್ಬರಿಗೆ ಕಲಿಸಿಕೊಡಬೇಕು ಎಂದಿದ್ದಾರೆ. ಆರಾಧನೆಯನ್ನು ಅವರೇ ಕಿಚೆಯಲ್ಲಿ ನಡೆಸುತ್ತಾರೆ, ಭಾಷಾಂತರ ನಮಗೆ. ನಮ್ಮ ಕಡೆಯಿಂದ ಒಬ್ಬರು ಮಾತ್ರ ಮಾತನಾಡಬೇಕು. ಫೋಟೊಗಳನ್ನು ಅಚ್ಚು ಹಾಕಿಸಿ ಕಳುಹಿಸಿದರೆ ಸಂತೋಷವೆಂದು ಕೊನೆಯಲ್ಲಿ ಬರೆದಿದ್ದಾರೆ. ಇದನ್ನೆಲ್ಲ ಹಾಗೆಯೇ ತಂಡದ ಮುಂದಿಡುತ್ತಿದ್ದೇನೆ.

ಧಾರವಾಡದ ತಂಗಿಯಲ್ಲಿ ಒಂದು ವಿನಂತಿ: ಮಕ್ಕಳ ತರಗತಿಯ ಕೊನೆಯ ಮಧ್ಯಾಹ್ನವನ್ನು ಹೇಗೆ ನಡೆಸಬೇಕು?

ಧಾರವಾಡ ಕಡೆಯ ಶಿಕ್ಷಕಿ

ಅಕ್ಕನವರೇ, ಬುಧವಾರವೇ ಮಕ್ಕಳಿಗೆ ಹೇಳಿರಿ: ಇನ್ನು ಎರಡು ತರಗತಿ ಇದೆ, ಆಮೇಲೆ ನಾವು ನಮ್ಮ ಮನೆಗೆ ಹೋಗುತ್ತೇವೆ ಎಂದು. ಗುರುವಾರ ಮತ್ತೆ ಹೇಳಿರಿ. ಶುಕ್ರವಾರದ ತರಗತಿಯನ್ನು ಆ ಊರಿನ ಸಂಡೇ ಸ್ಕೂಲ್ ಶಿಕ್ಷಕರೇ ನಡೆಸಲಿ, ನಿಮ್ಮ ಹುಡುಗ ಹುಡುಗಿಯರು ಮಕ್ಕಳ ನಡುವೆ ಚಾಪೆಯ ಮೇಲೆ ಕೂತು ಅವರ ಹಾಡನ್ನು ಕಲಿಯಲಿ. ಬಣ್ಣದ ಪೆನ್ಸಿಲ್, ಚಿತ್ರದ ಪುಸ್ತಕ ಉಳಿದಿದ್ದರೆ ಮಕ್ಕಳ ಕೈಗೆ ಕೊಡದೆ ಆ ಶಿಕ್ಷಕರಿಗೆ ಕೊಡಿ. ಮುಂದಿನ ಭಾನುವಾರ ಅವರು ಅದನ್ನು ತೆರೆದಾಗ ತರಗತಿ ನಿಂತಿಲ್ಲವೆಂದು ಮಕ್ಕಳಿಗೆ ತಿಳಿಯುತ್ತದೆ. ಯಾವುದಾದರೂ ಮಗು ನೀವು ಮತ್ತೆ ಬರುತ್ತೀರಾ ಎಂದು ಕೇಳಿದರೆ, ಬರುವುದು ನಿಶ್ಚಯವಾಗಿಲ್ಲದವರು "ಗೊತ್ತಿಲ್ಲ, ಬಹುಶಃ ಇಲ್ಲ" ಎಂದೇ ಹೇಳಲಿ, ಹೇಳಿ ಅಲ್ಲಿಂದ ಎದ್ದು ಹೋಗದೆ ಸ್ವಲ್ಪ ಹೊತ್ತು ಆ ಮಗುವಿನ ಪಕ್ಕದಲ್ಲೇ ಕೂತಿರಲಿ. ಫೋಟೊಗಳನ್ನು ಕಳುಹಿಸುವಾಗ ಪ್ರತಿಯೊಂದರ ಹಿಂದೆ ಮಗುವಿನ ಹೆಸರು ಬರೆದು, ಎಲ್ಲರದ್ದನ್ನೂ ಒಂದೇ ಕಟ್ಟಿನಲ್ಲಿ ಸಭಾಪಾಲಕರ ವಿಳಾಸಕ್ಕೆ ಕಳುಹಿಸಿರಿ. ಹಿಂದಿರುಗಿದ ಮೊದಲ ತಿಂಗಳಲ್ಲೇ ಆಗಲಿ, ತಡವಾದರೆ ಅದು ಹಾಗೆಯೇ ಉಳಿದುಬಿಡುತ್ತದೆ. ಯಾವ ಮಗುವಿನ ಫೋಟೊ ಇಲ್ಲವೆಂಬುದನ್ನು ಗುರುವಾರವೇ ಪಟ್ಟಿ ಹಿಡಿದು ನೋಡಿಕೊಂಡು, ತಂದೆತಾಯಿಯನ್ನು ಕೇಳಿ ತೆಗೆದುಕೊಳ್ಳಿ.